ಹಿಮ ಹೊದ್ದ ಬೆಂಕಿ ಬೆಟ್ಟ

ಗೆಳೆಯರೇ, ಜ್ವಾಲಾಮುಖಿ ಅಂದ ಕೂಡಲೆ ನಮಗೆ ನೆನಪಾಗುವುದು ಬೆಂಕಿ ಮತ್ತು ಕೆಂಪಗೆ ಹರಿಯುವ ಲಾವಾರಸ. ಆದರೆ ಒಂದು ಜ್ವಾಲಾಮುಖಿ ಕೆಸರಿನಿಂದ ಇಡೀ ಊರನ್ನೇ ಮುಚ್ಚಿತು ಅಂದರೆ ನಂಬುತ್ತೀರಾ? ಅದರ ಹೆಸರು ನೆವಾಡೊ ಡೆಲ್ ರೂಯಿಸ್.

ಎಲ್ಲಿದೆ?
ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ, ಆಂಡಿಸ್ ಪರ್ವತ ಸಾಲಿನಲ್ಲಿದೆ. ಎತ್ತರ ಸುಮಾರು 5,300 ಮೀಟರ್. ಭೂಮಧ್ಯರೇಖೆಗೆ ಹತ್ತಿರವಿದ್ದರೂ ಬೆಟ್ಟ ಬಹಳ ಎತ್ತರವಾದ್ದರಿಂದ ತುದಿಯಲ್ಲಿ ವರ್ಷವಿಡೀ ಹಿಮಗಡ್ಡೆ ಇರುತ್ತದೆ.

ಹೇಗೆ ಹುಟ್ಟಿತು?
ಶಾಂತಸಾಗರದ ತಳದ ನಾಜ್ಕಾ ಎಂಬ ಭೂಫಲಕವು ದಕ್ಷಿಣ ಅಮೆರಿಕದ ಫಲಕದ ಅಡಿಗೆ ನಿಧಾನವಾಗಿ ನುಗ್ಗುತ್ತಿದೆ. ಅದರ ಜೊತೆ ನೀರಿನ ಅಂಶವೂ ಆಳಕ್ಕೆ ಹೋಗುತ್ತದೆ. ನೀರು ಸೇರಿದರೆ ಆಳದ ಬಿಸಿ ಬಂಡೆ ಬೇಗ ಕರಗಿ ಶಿಲಾರಸ ಆಗುತ್ತದೆ. ಈ ಶಿಲಾರಸ ಮೇಲೆ ಬಂದು, ಒಮ್ಮೆ ಲಾವಾ, ಇನ್ನೊಮ್ಮೆ ಬೂದಿ ಮತ್ತು ಕಲ್ಲು, ಹೀಗೆ ಪದರದ ಮೇಲೆ ಪದರ ಕೂತು ಬೆಟ್ಟ ಬೆಳೆಯಿತು. ಇಂಥದ್ದಕ್ಕೆ ಪದರ ಜ್ವಾಲಾಮುಖಿ ಅನ್ನಬಹುದು.

ಯಾಕೆ ಸಿಡಿಯುತ್ತದೆ?
ಬರೀ ನೀರು ಕುದ್ದರೆ ಗುಳ್ಳೆ ಸುಲಭವಾಗಿ ಒಡೆಯುತ್ತದೆ. ಗಟ್ಟಿ ಅಂಬಲಿ ಕುದಿಯುವಾಗ ಗುಳ್ಳೆ ಪಟ್ ಅಂತ ಸಿಡಿದು ಕೈಗೆ ಹಾರ್ತದೆ ಅಲ್ವಾ? ಇಲ್ಲಿನ ಶಿಲಾರಸವೂ ಹಾಗೇ ಗಟ್ಟಿ. ಒಳಗಿನ ಅನಿಲ ಸುಲಭವಾಗಿ ಹೊರಬರಲಾರದೆ ಸಿಡಿಯುತ್ತದೆ.

1985ರಲ್ಲಿ ಏನಾಯಿತು?
1985ರ ನವೆಂಬರ್ 13ರ ರಾತ್ರಿ ಸುಮಾರು 9 ಗಂಟೆಗೆ ರೂಯಿಸ್ ಸಿಡಿಯಿತು. ಅದು ದೊಡ್ಡ ಸ್ಫೋಟವೇನಲ್ಲ. ಆದರೆ ಬಿಸಿ ಬೂದಿ, ಕಲ್ಲು ಬಿದ್ದು ಹಿಮ ಕರಗಿತು. ಆ ನೀರು ಮಣ್ಣು, ಬಂಡೆಗಳನ್ನು ಎಳೆದುಕೊಂಡು ಕೆಸರಿನ ಪ್ರವಾಹವಾಗಿ ಹೊಳೆ ಕಣಿವೆಯಲ್ಲಿ ಇಳಿಯಿತು. ಇದಕ್ಕೆ ಲಾಹಾರ್ ಎನ್ನುತ್ತಾರೆ. ಸುಮಾರು ಎರಡೂವರೆ ಗಂಟೆಯ ನಂತರ ಅದು ಅರ್ಮೇರೊ ಪಟ್ಟಣಕ್ಕೆ ಬಂತು. ಒಟ್ಟು ಸುಮಾರು 23,000 ಜನ ಸತ್ತರು.

ಎಲ್ಲಕ್ಕಿಂತ ದುಃಖದ ವಿಷಯ ಇದು. ಅಪಾಯ ಎಲ್ಲಿಗೆ ಬರಬಹುದು ಎಂದು ವಿಜ್ಞಾನಿಗಳು ಒಂದು ತಿಂಗಳು ಮೊದಲೇ ನಕ್ಷೆ ಮಾಡಿದ್ದರು. ಅದರಲ್ಲಿ ಅರ್ಮೇರೊ ಇತ್ತು. 1845ರಲ್ಲಿಯೂ ಅಲ್ಲಿಗೆ ಕೆಸರು ಬಂದು ಸುಮಾರು 1,000 ಜನ ಸತ್ತಿದ್ದರು. ಆ ಹಳೇ ಕೆಸರಿನ ಮೇಲೆಯೇ ಈ ಊರು ಕಟ್ಟಿದ್ದರು. ಆ ದಿನ ಮಧ್ಯಾಹ್ನದ ಮೇಲೆ ಊರಿನಲ್ಲಿ ಬೂದಿ ಬಿತ್ತು. ಆದರೂ ಹೆದರಬೇಡಿ, ಮನೆಯಲ್ಲೇ ಇರಿ ಎಂದು ಜನರಿಗೆ ಹೇಳಿದರು. ಎರಡೂವರೆ ಗಂಟೆ ಸಮಯ ಇತ್ತು. ಎತ್ತರದ ಜಾಗಕ್ಕೆ ಹೋಗಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ರೂಯಿಸ್ ಈಗಲೂ ಜೀವಂತ ಜ್ವಾಲಾಮುಖಿ. ವಿಜ್ಞಾನಿಗಳು ಅದರ ಕಂಪನ, ಅನಿಲಗಳನ್ನು ಅಳೆಯುತ್ತಾರೆ. 2023ರ ಮಾರ್ಚ್ ಕೊನೆಯಲ್ಲಿ ಕಂಪನ ಬಹಳ ಹೆಚ್ಚಾದಾಗ ಕಿತ್ತಳೆ ಬಣ್ಣದ ಎಚ್ಚರಿಕೆ ಕೊಟ್ಟರು.

ಆದ್ದರಿಂದ ಗೆಳೆಯರೇ, ವಿಜ್ಞಾನಿಗಳಿಗೆ ಗೊತ್ತಾದರೆ ಸಾಲದು. ಅದು ಊರಿನ ಪ್ರತಿಯೊಬ್ಬರಿಗೂ ಸಮಯಕ್ಕೆ ಸರಿಯಾಗಿ ತಿಳಿಯಬೇಕು.

ಉತ್ತರ ಹೇಳಿರಿ:
1. ಲಾಹಾರ್ ಎಂದರೇನು?
2. ಸ್ಫೋಟ ಚಿಕ್ಕದಾದರೂ ಅನಾಹುತ ದೊಡ್ಡದಾಗಿದ್ದು ಯಾಕೆ?

— 7ನೇ ತರಗತಿ