ಗುಲ್ಮ ಊದಿದ್ದಕ್ಕೆ ಬರೆ ಹಾಕಿಸಬೇಕೆ?

ಪ್ರಶ್ನೆ: ಮಗಳಿಗೆ ಐದು ವರ್ಷ. ಸಿಕಲ್ ಸೆಲ್ ಕಾಯಿಲೆ ಇದೆ. ಗುಲ್ಮ ದೊಡ್ಡದಾಗಿದೆ, ಹುಷಾರಾಗಿ ನೋಡ್ಕೊಳ್ಳಿ ಅಂದರು ಡಾಕ್ಟರು. ಏನು ನೋಡಬೇಕೋ ತಿಳಿಯದು. ಬರೆ ಹಾಕಿಸಿದರೆ ಕರಗುತ್ತೆ ಅಂತಾರೆ ಅತ್ತೆ. ನಿನ್ನ ತವರಿನಿಂದ ಬಂದ ರೋಗ ಅನ್ನೋ ಮಾತು ಬೇರೆ. ಗಂಡ ನನ್ನ ಸೋದರತ್ತೆಯ ಮಗ.
— ಹೆಸರು ಬೇಡ, ಪರಶುರಾಂಪುರ

ಉತ್ತರ: ಬರೆ ಖಂಡಿತ ಬೇಡ. ಈ ಮಕ್ಕಳ ಗುಲ್ಮ ಎಷ್ಟೇ ದೊಡ್ಡದಾದರೂ ರೋಗಾಣು ತಡೆಯುವ ಕೆಲಸದಲ್ಲಿ ಸೋತಿರುತ್ತದೆ. ಅಂಥ ಮೈಮೇಲೆ ಸುಟ್ಟ ಗಾಯ ಮಾಡಿದರೆ ಸೋಂಕಿಗೆ ನಾವೇ ಬಾಗಿಲು ತೆಗೆದ ಹಾಗೆ.

ಕುಡುಗೋಲಿನ ಆಕಾರಕ್ಕೆ ಬಾಗಿದ ರಕ್ತಕಣಗಳು ಗುಲ್ಮದ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಗುಲ್ಮ ಊದುತ್ತದೆ. ಆಫ್ರಿಕಾ ಮೂಲದ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಐದಾರು ವರ್ಷಕ್ಕೇ ಸುರುಟಿ ಹೋಗುತ್ತದೆ. ನಮ್ಮ ದೇಶದವರಲ್ಲಿ ಎಷ್ಟೋ ವರ್ಷ, ಕೆಲವರಿಗೆ ದೊಡ್ಡವರಾದ ಮೇಲೂ ಊದಿಯೇ ಇರುತ್ತದೆ. ಹಾಗಾಗಿ ದೊಡ್ಡದಾಗಿದೆ ಎಂಬುದಷ್ಟಕ್ಕೇ ಗಾಬರಿ ಬೇಡ. ಅಪಾಯವಿರುವುದು ಅದು ಇದ್ದಕ್ಕಿದ್ದಂತೆ ಹಿಗ್ಗಿದಾಗ. ಮೈಯ ರಕ್ತವೆಲ್ಲ ಕೆಲವೇ ಗಂಟೆಗಳಲ್ಲಿ ಗುಲ್ಮದೊಳಗೆ ಹೋಗಿ ನಿಂತುಬಿಡಬಹುದು, ಜೀವಕ್ಕೇ ಕುತ್ತು.

ಇದನ್ನು ಮೊದಲು ಕಂಡುಹಿಡಿಯುವುದು ತಾಯಿಯ ಕೈ. ಜಮೈಕಾದಲ್ಲಿ ಡಾ. ಗ್ರಹಾಂ ಸರ್ಜೆಂಟ್ ಮತ್ತು ಸಂಗಡಿಗರು ಗುಲ್ಮ ಮುಟ್ಟಿ ನೋಡುವುದನ್ನು ತಾಯಂದಿರಿಗೆ ಕಲಿಸಿದರು. ಈ ಕಾರಣದ ಸಾವುಗಳು ಇಳಿದವು. ನೀವೂ ಕಲಿಯಿರಿ. ಮಗುವನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ. ಹೊಕ್ಕುಳ ಕೆಳಗಿಂದ ಶುರುಮಾಡಿ ಎಡಪಕ್ಕೆಯ ಕಡೆಗೆ ಬೆರಳುಗಳನ್ನು ಮೆಲ್ಲಗೆ ಸರಿಸುತ್ತ ಹೋಗಿ. ಅವಳು ಉಸಿರೆಳೆದುಕೊಂಡಾಗ ಗಟ್ಟಿ ಅಂಚೊಂದು ಬೆರಳಿಗೆ ತಾಗುತ್ತದೆ. ಪಕ್ಕೆಲುಬಿನಿಂದ ಅಲ್ಲಿಗೆ ಎಷ್ಟು ದೂರ ಎಂದು ಐಸ್‌ಕ್ರೀಮ್ ಕಡ್ಡಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿಡಿ. ಮೊದಲ ಸಲ ಡಾಕ್ಟರ ಎದುರಿಗೇ ಮಾಡಿ. ಆಮೇಲೆ ದಿನಾ, ಸ್ನಾನ ಮಾಡಿಸುವ ಮುಂಚೆ ಸಾಕು. ಒತ್ತಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ; ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ ಎಂದು ಶಾಲೆಯಲ್ಲೂ ತಿಳಿಸಿ.

ಗೆರೆ ದಾಟಿ ಬೆಳೆದು, ಮಗು ಬಿಳಿಚಿಕೊಂಡು ಸೋತು ಮಲಗಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೊರಡಿ, ರಕ್ತ ಕೊಡಬೇಕಾಗಬಹುದು. ಜ್ವರ 101 ಡಿಗ್ರಿ ದಾಟಿದರೂ ಅಷ್ಟೇ. ಪೆನ್ಸಿಲಿನ್, ನ್ಯೂಮೋನಿಯಾ ಲಸಿಕೆ, ಹೈಡ್ರಾಕ್ಸಿಯೂರಿಯಾ ಮಾತ್ರೆ ಈ ಮೂರರ ಬಗ್ಗೆ ಕೇಳಿ. ರಕ್ತ ಕಡಿಮೆ ಎಂದು ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ನಿಮ್ಮ ಕಡೆಯ ಬಿಸಿಲಿಗೆ ನೀರು ಮಾತ್ರ ಧಾರಾಳವಾಗಿ ಕೊಡಿ. ಪದೇ ಪದೇ ಹಿಗ್ಗಿದರೆ ಗುಲ್ಮವನ್ನೇ ತೆಗೆಯುವ ಮಾತು ಬರಬಹುದು; ಅದು ಆಗಿನ ವಿಚಾರ.

ಇನ್ನು ತವರಿನ ಮಾತು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ. ನಿಮ್ಮ ಅತ್ತೆ ಹುಟ್ಟಿದ್ದೂ ಅದೇ ತವರಿನಲ್ಲಿ ಅಲ್ಲವೆ? ಇದನ್ನು ನೀವು ಹೇಳಬೇಡಿ, ನಿಮ್ಮ ಯಜಮಾನರ ಬಾಯಲ್ಲಿ ಹೇಳಿಸಿ.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಈ ಕಾಯಿಲೆ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಈ ಕಾಯಿಲೆಯ ಸಂಭವ ಇದ್ದೇ ಇರುತ್ತದೆ. ಬಸಿರು ನಿಂತ ಮೇಲಲ್ಲ, ಅದಕ್ಕೆ ಮುಂಚೆಯೇ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಮುಂದೆ ಕೂತು ಮಾತಾಡಿ.