ಹೆಸರನ್ನು ಕೊನೆಗೆ ಓದು

ಮೈಸೂರು

ಚಿ. ಪುಟ್ಟಿಗೆ,

ನಗೋಯಾದಲ್ಲಿ ಚಳಿ ಶುರುವಾಗಿದೆ ಅಂತ ಬರೆದಿದ್ದೀಯೆ, ಕಿವಿ ಮುಚ್ಚಿಕೊಂಡು ಓಡಾಡು. ನೀನು ಕಳಿಸಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಮೂವತ್ತು ವರ್ಷ ತುಕ್ಕು ಹಿಡಿದ ಲೋಹಗಳ ಜೊತೆಗೇ ಬದುಕಿದವನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೆ? ನಿಮ್ಮ ಮನೆಯೊಡತಿ ಅಜ್ಜಿ ತಮ್ಮ ಉಗ್ರಾಣದಲ್ಲಿ ಸಿಕ್ಕ ಬಾಕನ್ನು ಮೊದಲು ನಿನಗೆ ತೋರಿಸಿದರಲ್ಲ, ಆ ವಿಶ್ವಾಸಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು.

ಮೊದಲು ಕಾನೂನಿನ ಮಾತು. ಅಲಗು 15 ಸೆಂಟಿಮೀಟರ್ ದಾಟಿದ ಬಾಕು ಜಪಾನಿನ 1958ರ ಆಯುಧ ಕಾಯ್ದೆಯಡಿ ಬರುತ್ತದೆ. ನೋಂದಣಿ ಪತ್ರ ಇಲ್ಲದೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು, ಚೀಲದಲ್ಲಿ ಹಾಕಿಕೊಂಡು ಓಡಾಡುವುದಂತೂ ದೊಡ್ಡ ತಪ್ಪು. ಅಜ್ಜಿ ಮೊದಲು ಪೊಲೀಸ್ ಠಾಣೆಗೆ ಫೋನು ಮಾಡಿ, ಹಳೆಯ ಸಾಮಾನಿನಲ್ಲಿ ಇಂಥದ್ದೊಂದು ಸಿಕ್ಕಿದೆ ಅಂತ ತಿಳಿಸಲಿ. ಹೇಗೆ ತರಬೇಕು ಅಂತ ಅವರೇ ಹೇಳುತ್ತಾರೆ. ಆಮೇಲೆ ಪ್ರಾಂತದ ಶಿಕ್ಷಣ ಮಂಡಳಿಯ ಪರೀಕ್ಷಕರು ನೋಡಿ ಪತ್ರ ಕೊಡುತ್ತಾರೆ. ಮನೆಯಲ್ಲಿ ಸಿಕ್ಕಿದ್ದನ್ನು ತಾವಾಗಿ ತಿಳಿಸುವವರಿಗೆಂದೇ ಇರುವ ದಾರಿ ಇದು, ಹೆದರಬೇಕಿಲ್ಲ. ಪೊಲೀಸರು ಹೇಳುವ ತನಕ ಅದನ್ನು ಹೊಸ್ತಿಲು ದಾಟಿಸಬೇಡ. ನಿನ್ನ ಕೋಣೆಗೂ ತರಬೇಡ.

ಇನ್ನು ನಿನ್ನ ಸಂಭ್ರಮದ ವಿಷಯ. ಹಿಡಿಯ ಬಿದಿರಿನ ಗೂಟ ತಾನಾಗಿ ಬಿದ್ದು, ಒಳಗಿನ ಬಾಲದ ಮೇಲೆ ಎರಡು ಅಕ್ಷರ ಕಂಡವು, ಫೋನು ಅದನ್ನು 'ಯೊಶಿಮಿತ್ಸು' ಅಂತ ಓದಿತು, ಅಷ್ಟಕ್ಕೇ ನಿನಗೆ ರಾತ್ರಿ ನಿದ್ದೆ ಬರಲಿಲ್ಲ. ಬರದಿದ್ದದ್ದು ಸಹಜವೇ. ಹದಿಮೂರನೆಯ ಶತಮಾನದ ಕ್ಯೋಟೋದಲ್ಲಿ, ಅವಾತಗುಚಿ ಮನೆತನದಲ್ಲಿ ತೋಶಿರೊ ಯೊಶಿಮಿತ್ಸು ಎಂಬ ಕಮ್ಮಾರನಿದ್ದ. ಬಾಕು ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅನ್ನುತ್ತಾರೆ. ಮಸಮುನೆ, ಗೋ ಯೊಶಿಹಿರೊ ಇವರ ಪಕ್ಕದಲ್ಲಿ ಅವನನ್ನು ಕೂರಿಸುತ್ತಾರೆ. ಹತಕೆಯಾಮಾ ಮಸನಾಗ ಎಂಬ ದೊರೆ ಸೋತು ಹೊಟ್ಟೆ ಬಗೆದುಕೊಳ್ಳಲು ಹೊರಟಾಗ ಅವನ ಕೈಲಿದ್ದ ಯೊಶಿಮಿತ್ಸುವಿನ ಬಾಕು ಎಷ್ಟು ಒತ್ತಿದರೂ ಒಳಗೆ ಇಳಿಯಲಿಲ್ಲವಂತೆ. ಸಿಟ್ಟಿನಿಂದ ಎಸೆದರೆ ಔಷಧ ಅರೆಯುವ ಕಬ್ಬಿಣದ ಒರಳನ್ನು ತೂರಿತಂತೆ. ಒಡೆಯನಿಗೆ ಗಾಯ ಮಾಡದ ಬಾಕು ಎಂಬ ಹೆಸರು ಯೊಶಿಮಿತ್ಸುವಿನ ಕೆಲಸಕ್ಕೆ ಅಂಟಿದ್ದು ಇಂಥ ಕಥೆಗಳಿಂದಲೇ.

ಆದರೆ ಪುಟ್ಟಿ, ಆ ಹೆಸರನ್ನು ಸದ್ಯಕ್ಕೆ ಮರೆತುಬಿಡು. ತೋಸಾ ಪ್ರಾಂತದಲ್ಲಿ ಮುರೊಮಾಚಿ ಕಾಲಕ್ಕೆ ಇದೇ ಹೆಸರಿನ, ಇದೇ ಎರಡಕ್ಷರ ಕೆತ್ತುವ ಬೇರೆ ಕಮ್ಮಾರರು ಇದ್ದರು. ಅವರೂ ಸಣ್ಣ ಸಣ್ಣ ಬಾಕುಗಳನ್ನೇ ಮಾಡಿದವರು. ಅದರ ಮೇಲೆ, ದೊಡ್ಡವರ ಹೆಸರನ್ನು ಚಿಕ್ಕವರ ಅಲಗಿಗೆ ಕೆತ್ತಿ ಮಾರುವ ಚಾಳಿ ಜಪಾನಿನಲ್ಲಿ ಶತಮಾನಗಳಷ್ಟು ಹಳೆಯದು. ಅಲಗನ್ನು ಓದಲು ಬರುವವರು ರುಜುವನ್ನು ಕೊನೆಗೆ ನೋಡುತ್ತಾರೆ. ಮೊದಲೇ ನೋಡಿದರೆ ಕಣ್ಣು ಆ ಹೆಸರಿಗೆ ಬೇಕಾದ್ದನ್ನೇ ಹುಡುಕಿಕೊಂಡು ಹೋಗುತ್ತದೆ.

ಮೊನೆಯಿಂದ, ಬೆನ್ನಿನ ಕಡೆ ಅಲಗು ಮುಗಿದು ಬಾಲ ಶುರುವಾಗುವ ಮೆಟ್ಟಿಲಿನವರೆಗೆ ನೇರವಾಗಿ 24 ಸೆಂಟಿಮೀಟರ್ ಅಂದಿದ್ದೀಯೆ. ಒಂದು ಶಾಕು, ಅಂದರೆ 30.3 ಸೆಂಟಿಮೀಟರಿಗಿಂತ ಚಿಕ್ಕದಾದ್ದರಿಂದ ಇದು ತಾಂತೊ, ಅವರ ಲೆಕ್ಕದಲ್ಲಿ ಬಾಕು. ಪಕ್ಕಗಳು ಚಪ್ಪಟೆ, ನಡುವೆ ಏಣಿಲ್ಲ. ಬಾಕುಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಏಣು ಇದ್ದಿದ್ದರೆ, ಮುರಿದ ಉದ್ದ ಕತ್ತಿಯ ತುಂಡನ್ನು ಉಜ್ಜಿ ಬಾಕು ಮಾಡಿದ್ದಾರೋ ಎಂದು ಅನುಮಾನಿಸಬೇಕಿತ್ತು. ಅಷ್ಟರ ಮಟ್ಟಿಗೆ ಸಮಾಧಾನ.

ಬಾಲ ನನಗೆ ಹಿಡಿಸಿತು. ಕಪ್ಪುಗಂದು ಬಣ್ಣ, ಮೇಲೆ ಪುಡಿಯಿಲ್ಲದ ಗಟ್ಟಿ ತುಕ್ಕು. ಅರದ ಗೆರೆಗಳು ಸವೆದರೂ ಕಾಣುತ್ತವೆ. ತೂತು ಪೂರ್ತಿ ದುಂಡಗಿಲ್ಲ, ಕೈಯಲ್ಲಿ ಹೊಡೆದು ತೆಗೆದದ್ದು. ಈ ಕಪ್ಪು ತುಕ್ಕು ಬಾಕಿನ ವಯಸ್ಸಿಗೆ ದೊಡ್ಡ ಸಾಕ್ಷಿ. ಅಜ್ಜಿಯ ಮಗ 'ಸ್ವಲ್ಪ ಉಜ್ಜಿದರೆ ಅಕ್ಷರ ಚೆನ್ನಾಗಿ ಕಾಣುತ್ತದೆ' ಅಂದರಂತಲ್ಲ, ಅವರ ಕೈಯಿಂದ ಬ್ರಷ್ಷು ಕಿತ್ತುಕೊ. ಬಾಲವನ್ನು ಹೊಳೆಯುವ ಹಾಗೆ ಉಜ್ಜಿದ ದಿನವೇ ಅರ್ಧ ಚರಿತ್ರೆ ಮೋರಿಗೆ ಹೋಗುತ್ತದೆ.

ಈಗ ಗಾಯಗಳಿಗೆ ಬರೋಣ, ಏಕೆಂದರೆ ಈ ಬಾಕಿನ ಬೆಲೆ ನಿಂತಿರುವುದು ಅವುಗಳ ಮೇಲೆ. ಬಾಯಿ ಎರಡು ಕಡೆ ಮುಕ್ಕಾಗಿದೆ. ಅದು ದೊಡ್ಡದಲ್ಲ, ಸಾಣೆಯಲ್ಲಿ ಹೋಗುವಂಥದ್ದು. ಬೆನ್ನಿನ ಮೇಲಿನ ಕಚ್ಚು ಇನ್ನೊಂದು ಕತ್ತಿಯ ಏಟನ್ನು ತಡೆದದ್ದಾದರೆ ಅದನ್ನು ಕುಂದು ಎಂದು ಎಣಿಸುವುದೇ ಇಲ್ಲ, ಬಹಳ ಜನ ಹೆಮ್ಮೆಯಿಂದ ಹಾಗೇ ಉಳಿಸಿಕೊಳ್ಳುತ್ತಾರೆ. ಮುಂಭಾಗದ ಕೆಂಪು ತುಕ್ಕು ಎಷ್ಟು ಆಳಕ್ಕಿಳಿದಿದೆ ಎಂಬುದು ಫೋಟೋದಲ್ಲಿ ತಿಳಿಯದು. ಮುರಿದ ಮೊನೆಯ ಬಗ್ಗೆ ನನಗೆ ಹೆಚ್ಚು ಚಿಂತೆ. ಬಾಯಿಗುಂಟ ಬಿಳಿ ಮಂಜಿನ ಹಾಗೆ ಸಾಗುವ ಹದದ ರೇಖೆ, ಅವರು ಹಮೋನ್ ಅನ್ನುವುದು, ಮೊನೆಯಲ್ಲಿ ತಿರುಗಿ ಬೆನ್ನಿನ ಕಡೆ ಹೊರಳುತ್ತದೆ. ಅಲಗಿನ ಮುಖವೇ ಅದು. ಮುರಿದ ತುಂಡಿನ ಜೊತೆ ಆ ತಿರುವೂ ಹೋಗಿದ್ದರೆ ಸಾಣೆಗಾರ ಹೊಸ ಮೊನೆಯ ಆಕಾರ ಕೊಟ್ಟಾನು, ಆದರೆ ಅಲ್ಲಿ ಹದ ಇರುವುದಿಲ್ಲ. ಸ್ವಲ್ಪವಾದರೂ ಉಳಿದಿದ್ದರೆ ಆಸೆ ಇದೆ.

ನನ್ನ ಎದೆ ಒಂದು ಕ್ಷಣ ನಿಂತದ್ದು ಮೂರನೆಯ ಫೋಟೋ ನೋಡಿದಾಗ. ನಡುವೆ, ಬಾಯಿಯಿಂದ ಹೊರಟು ಬೆನ್ನಿನ ಕಡೆ ನೆಟ್ಟಗೆ ಏರುವ ಕೂದಲೆಳೆಯಂಥ ಗೆರೆ. ಅದು ಬರಿಯ ಗೀರಾಗಿದ್ದರೆ ಏನೂ ಅಲ್ಲ. ಬಿರುಕಾಗಿದ್ದರೆ ಅದಕ್ಕೆ 'ಹಗಿರೆ' ಅಂತ ಹೆಸರು, ಅದಕ್ಕೆ ಮದ್ದಿಲ್ಲ. ಗಡುಸಾದ ಬಾಯಿ ಸೀಳಿದ ಮೇಲೆ ಆ ಅಲಗು ಆಯುಧವಾಗಿ ಸತ್ತ ಹಾಗೆ, ಮಾರುಕಟ್ಟೆಯಲ್ಲೂ ಹೆಚ್ಚುಕಡಿಮೆ ಸತ್ತ ಹಾಗೆ. ಉದ್ದುದ್ದ ಹೋಗುವ ಮಡಿಕೆಯ ಬಿರುಕನ್ನು ಎಷ್ಟೋ ಒಳ್ಳೆಯ ಅಲಗುಗಳಲ್ಲಿ ಕ್ಷಮಿಸುತ್ತಾರೆ, ಬಾಯಿಗೆ ಅಡ್ಡ ನಿಂತದ್ದನ್ನು ಕ್ಷಮಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಒಂದೇ ದೀಪ ಇಟ್ಟು, ಅಜ್ಜಿಯ ಕೈಯಲ್ಲಿ ಅಲಗನ್ನು ನಿಧಾನ ಓರೆ ಮಾಡಿಸುತ್ತಾ ಭೂತಗನ್ನಡಿಯಲ್ಲಿ ನೋಡು. ಗೀರಾದರೆ ಅದಕ್ಕೆ ಅಗಲವಿರುತ್ತದೆ, ಬೆಳಕು ತಿರುಗಿದ ಹಾಗೆ ಮಿಂಚಿ ಮಾಯವಾಗುತ್ತದೆ. ಬಿರುಕು ಯಾವ ಕೋನದಲ್ಲೂ ಕಪ್ಪಾಗಿಯೇ ಇದ್ದು, ಸರಿಯಾಗಿ ಬಾಯಿಯ ಅಂಚಿನಿಂದಲೇ ಶುರುವಾಗುತ್ತದೆ. ಉಗುರಿನಲ್ಲಿ ಮುಟ್ಟಿ ನೋಡಬೇಡ, ಬೆವರು ಒಂದೇ ದಿನದಲ್ಲಿ ಹೊಸ ತುಕ್ಕು ಎಬ್ಬಿಸುತ್ತದೆ.

ಅಜ್ಜಿಯನ್ನು ಇನ್ನೊಂದು ಮಾತು ಕೇಳು: 1945ರ ಬಾಂಬ್ ದಾಳಿಯಲ್ಲಿ ಆ ಉಗ್ರಾಣ ಉಳಿದಿತ್ತೇ? ಆ ವರ್ಷ ಮೇ 14ರಂದು ನಗೋಯಾ ಕೋಟೆಯೇ ಸುಟ್ಟುಹೋಯಿತು. ಕೇಳಲು ಕಾರಣ ಅಲಗಿನ ಹದ. ಕಮ್ಮಾರ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಬಳಿದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಂದೇ ಸಲಕ್ಕೆ ನೀರಿಗೆ ಅದ್ದಿ ಕೊಟ್ಟ ಹದ ಅದು. ಬೆಂಕಿಗೆ ಬಿದ್ದ ಅಲಗಿನಲ್ಲಿ ಆ ಹದ ಕರಗಿ, ಬಾಯಿ ಮೆತ್ತಗಾಗಿ, ಹಮೋನ್ ಅಳಿಸಿಹೋಗುತ್ತದೆ. ಮತ್ತೆ ಕಾಯಿಸಿ ಹದ ಕೊಡಬಹುದು. ಆದರೆ ಬಾಲದ ಬುಡದ ಹತ್ತಿರ ಓರೆಯಾಗಿ ಎದ್ದ ಮಸುಕು ನೆರಳು, ಬೆಂಕಿ ಕಂಡ ಬಾಲದ ಸಿಪ್ಪೆ ಸಿಪ್ಪೆ ತುಕ್ಕು ಅನೇಕ ಸಲ ಅದನ್ನು ಹೇಳಿಬಿಡುತ್ತವೆ.

ಹಾಗಂತ ಸುಟ್ಟದ್ದನ್ನೆಲ್ಲ ಎಸೆದರು ಅಂದುಕೊಳ್ಳಬೇಡ. ನಿಮ್ಮೂರಿನ ತೊಕುಗಾವಾ ಕಲಾ ಸಂಗ್ರಹಾಲಯದಲ್ಲಿ 'ನಮಾಜುಓ ತೋಶಿರೊ' ಎಂಬ ಅಲಗಿದೆ. ಅದೂ ನಿನ್ನ ಯೊಶಿಮಿತ್ಸುವಿನದೇ, ಬಾಕಿಗಿಂತ ಉದ್ದ ಅಷ್ಟೆ. 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ ಸುಟ್ಟುಹೋದದ್ದನ್ನು ತೊಕುಗಾವಾ ಇಯೆಯಾಸು ತರಿಸಿಕೊಂಡು, ಎಚಿಜೆನ್ ಯಸುತ್ಸುಗು ಎಂಬ ಕಮ್ಮಾರನಿಂದ ಮರುಹದ ಹಾಕಿಸಿದ. ಹೊನಾಮಿ ಮನೆತನದ ಪರೀಕ್ಷಕರು ಶೋಗನ್ ಯೊಶಿಮುನೆಯ ಅಪ್ಪಣೆಯಂತೆ 1719ರಲ್ಲಿ ಹೆಸರಾಂತ ಕತ್ತಿಗಳ ಪಟ್ಟಿ ಮಾಡಿದಾಗ, ಸುಟ್ಟುಹೋದವುಗಳಿಗೇ ಅದರಲ್ಲೊಂದು ಭಾಗ ಇಟ್ಟರು. ಕಳೆದುಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿದ ಆ ಪಟ್ಟಿ ನನಗೆ ತುಂಬ ಇಷ್ಟ. ಭಾನುವಾರ ಬಿಡುವು ಮಾಡಿಕೊಂಡು ಹೋಗು. ಅಲಗುಗಳನ್ನು ಸರದಿಯ ಮೇಲೆ ಪ್ರದರ್ಶನಕ್ಕಿಡುತ್ತಾರೆ, ಮೊದಲೇ ವಿಚಾರಿಸಿಕೊ. ಯಾವುದಾದರೂ ಒಳ್ಳೆಯ ಅಲಗಿನ ಮುಂದೆ ಮಂಡಿ ಬಗ್ಗಿಸಿ, ಬೆಳಕು ಅದರ ಮೇಲೆ ಜಾರುವ ಹಾಗೆ ನೋಡು. ಉಕ್ಕನ್ನು ಮಡಿಸಿ ಮಡಿಸಿ ಬಡಿದಾಗ ಮೂಡಿದ ನೇಯ್ಗೆ ಹಳೇ ತೇಗದ ಹಲಗೆಯ ರೇಖೆಗಳ ಹಾಗೆ ಕಾಣುತ್ತದೆ. ಒಳ್ಳೆಯದನ್ನು ಕಣ್ತುಂಬ ನೋಡದೆ ಕೆಟ್ಟದ್ದು ತಿಳಿಯದು.

ನಿಜವಾದ ತೋಶಿರೊ ಆಗಿದ್ದರೆ ಉಕ್ಕು ತೀರ ನಯ, ಹಮೋನ್ ಕಿರಿದಾಗಿ ನೇರ, ಬುಡದಲ್ಲಿ ಮಾತ್ರ ಸಣ್ಣ ಗುಂಡು ಉಬ್ಬುಗಳ ಸಾಲು. ನಿನ್ನ ಫೋಟೋದಲ್ಲಿ ಬುಡವೆಲ್ಲ ತುಕ್ಕು. ನನ್ನನ್ನು ಒತ್ತಾಯ ಮಾಡಿದರೆ ಹೇಳುತ್ತೇನೆ: ಬಾಲ ಹಳೆಯದು, ಅಕ್ಷರದ ಕೆತ್ತನೆ ಒರಟು, ತೋಸಾ ಕಡೆಗೆ ವಾಲುತ್ತದೆ. ಮೈಸೂರಿನಲ್ಲಿ ಕೂತು ಆಡಿದ ಮಾತಿಗೆ ಇರುವಷ್ಟೇ ತೂಕ ಇದಕ್ಕೂ.

ನೋಂದಣಿ ಪತ್ರ ಬಂದ ಮೇಲೆ ಅದನ್ನೇ ಅಸಲಿಯ ಪ್ರಮಾಣ ಅಂತ ಅಜ್ಜಿ ತಿಳಿದುಕೊಳ್ಳದಿರಲಿ. ಅದರಲ್ಲಿರುವುದು ಉದ್ದ, ಬಾಗು, ತೂತು, ಅಕ್ಷರ ಇಷ್ಟೆ. ತೀರ್ಪು ಬೇಕಾದರೆ 1948ರಲ್ಲಿ ಹುಟ್ಟಿದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘಕ್ಕೆ ಕಳಿಸಬೇಕು. ಟೋಕಿಯೋದಲ್ಲಿ ಅವರದೇ ಖಡ್ಗ ಸಂಗ್ರಹಾಲಯವೂ ಇದೆ. ಅಲ್ಲಿ ನಾಲ್ಕು ಮೆಟ್ಟಿಲು, ಕೆಳಗಿನದು 'ಹೊಜೋನ್', ಕಾಪಾಡಿಕೊಳ್ಳಲು ಯೋಗ್ಯ ಎಂದಷ್ಟೇ ಅರ್ಥ. ರುಜು ಸುಳ್ಳಾದರೆ ಅದೂ ಸಿಗದು. ಹಾಗಾದಾಗ ಕೆಲವರು ಸುಳ್ಳು ಹೆಸರನ್ನು ಅರದಿಂದ ತೆಗೆಸಿ ಮತ್ತೆ ಕಳಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಸುಳ್ಳೂ ಆ ಬಾಕಿನ ಚರಿತ್ರೆಯೇ.

ಸಾಣೆಗೆ ಮಾತ್ರ ಅವಸರ ಬೇಡ. ಹತ್ತಾರು ಕಲ್ಲುಗಳ ಮೇಲೆ ವಾರಗಟ್ಟಲೆ ಹಿಡಿಯುವ ಕೆಲಸ ಅದು. ಖರ್ಚು ಬಾಕಿನ ಬೆಲೆಯನ್ನು ಮೀರಬಹುದು. ಪ್ರತಿ ಸಾಣೆಯೂ ಉಕ್ಕನ್ನು ತಿನ್ನುತ್ತದೆ, ಹೊರಪದರ ಸವೆದು ಒಳಗಿನ ಮೆದು ಕಬ್ಬಿಣ ಇಣುಕಿದರೆ ಮತ್ತೆ ಬರುವುದಿಲ್ಲ. ಪಳಗಿದ ಸಾಣೆಗಾರನಿಗೆ ಹೇಳಿ ಒಂದು ಕಡೆ ಸಣ್ಣ ಕಿಟಕಿಯಷ್ಟು ಮಾತ್ರ ಉಜ್ಜಿಸಿ ನೋಡುವುದು ವಿವೇಕ. ಅಲ್ಲಿಯವರೆಗೆ ಅಲಗಿಗೆ ತೆಳ್ಳಗೆ ಎಣ್ಣೆ, ಅಷ್ಟೇ. ಮರಳು ಕಾಗದ, ಅಡಿಗೆಮನೆಯ ಪುಡಿ ಯಾವುದೂ ಬೇಡ. ಹಳೆಯ ಒರೆಯಲ್ಲಿ ತುಕ್ಕಿನ ಪುಡಿ ಇದ್ದೇ ಇರುತ್ತದೆ. ಒರೆ ಅನ್ನದ ಅಂಟಿನಲ್ಲಿ ಕೂಡಿಸಿದ್ದು, ಬೇಕಾದಾಗ ಎರಡು ಹೋಳು ಮಾಡಿ ಚೊಕ್ಕಟ ಮಾಡಲೆಂದೇ. ಒಡೆದಿದೆ ಅಂತ ಫೆವಿಕಾಲ್ ಹಾಕಿಬಿಟ್ಟೀಯೆ!

ಆ ಗೆರೆ ಬಿರುಕು ಅಂತ ಗೊತ್ತಾದರೆ ಅಜ್ಜಿಗೆ ಮುಚ್ಚುಮರೆಯಿಲ್ಲದೆ ಹೇಳು, ಆದರೆ ಮೊದಲು ಆ ಬಾಕು ಯಾರ ಕೈಯಲ್ಲಿತ್ತು ಅಂತ ಕೇಳಿ ಬರೆದಿಟ್ಟುಕೊ. ಅವರ ಅತ್ತೆ ಮದುವೆಯಲ್ಲಿ ತಂದದ್ದಿರಬಹುದು ಅಂದರಲ್ಲ, ಅದನ್ನು ಹೇಳಬಲ್ಲವರು ಅಜ್ಜಿಯೊಬ್ಬರೇ. ದೀಪದ ಬೆಳಕಿನ ಫೋಟೋ ತೆಗೆದ ಕೂಡಲೇ ಕಳಿಸು, ಬಾಲದ ಎರಡೂ ಮಗ್ಗುಲು ಬೇಕು. ನಿನ್ನ ದೊಡ್ಡಮ್ಮ ಸಾರಿನ ಪುಡಿ ಕಟ್ಟಿಟ್ಟಿದ್ದಾಳೆ, ಮುಂದಿನ ವಾರ ಅಂಚೆಗೆ ಹಾಕುತ್ತೇನೆ.

ಇತಿ ನಿನ್ನ
ದೊಡ್ಡಪ್ಪ