ಕಾಮಾಲೆಯ ಬೆನ್ನಲ್ಲೇ ಕಾಲಿನ ಬಲ ಕುಂದಿದರೆ

ಪ್ರಶ್ನೆ: ತಮ್ಮನಿಗೆ ಕಾಮಾಲೆಯಾಗಿ ಎರಡು ವಾರವಾಗಿತ್ತು. ಈಗ ಪಾದಗಳು ಜೋಮು ಹಿಡಿದಿವೆ, ನಡೆಯುವಾಗ ಚಪ್ಪಲಿ ಜಾರಿಹೋದರೂ ತಿಳಿಯುವುದಿಲ್ಲ. ಗಿಲ್ಲನ್ ಬಾರೆ ಸಿಂಡ್ರೋಮ್ (ಜಿಬಿಎಸ್) ಇರಬಹುದು ಎಂದಿದ್ದಾರೆ. ಎರಡಕ್ಕೂ ನಂಟಿದೆಯೇ ಡಾಕ್ಟರೇ?

ಉತ್ತರ: ನಂಟು ಇರಬಹುದು ತಾಯಿ. ಕಲುಷಿತ ನೀರಿನಿಂದ ಹರಡಿ ಕಾಮಾಲೆ ತರುವ ಹೆಪಟೈಟಿಸ್ ಇ ವೈರಸ್ಸಿನ ಸೋಂಕಿನ ಬಳಿಕ ಕೆಲವರಲ್ಲಿ ಜಿಬಿಎಸ್ ಕಾಣಿಸಿಕೊಳ್ಳುತ್ತದೆ. ಬಾಂಗ್ಲಾದೇಶದ ಒಂದು ಅಧ್ಯಯನದಲ್ಲಿ ಜಿಬಿಎಸ್ ರೋಗಿಗಳ ಪೈಕಿ ಸುಮಾರು ಶೇ 11, ನೆದರ್ಲೆಂಡ್ಸ್‌ನಲ್ಲಿ ಶೇ 5 ಮಂದಿಗೆ ಇತ್ತೀಚೆಗೆ ಈ ಸೋಂಕು ತಗುಲಿದ ಕುರುಹು ಸಿಕ್ಕಿತ್ತು. ವೈರಸ್ಸಿನ ಮೇಲೆ ಎದ್ದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಎರಗುತ್ತದೆ. ಅದಕ್ಕೇ ಪಾದದಲ್ಲಿ ಶುರುವಾದ ನಿಶ್ಶಕ್ತಿ ಮೇಲಕ್ಕೇರುತ್ತದೆ.

ಇಂದೇ ನರರೋಗ ತಜ್ಞರಿರುವ, ಐಸಿಯು ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಿ. ಕಾಮಾಲೆಯಾಗಿದ್ದನ್ನು ತಪ್ಪದೆ ಹೇಳಿ, ಹೆಪಟೈಟಿಸ್ ಇ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ, ನುಂಗಲು ಕಷ್ಟವಾದರೆ ಅದು ತುರ್ತು ಸ್ಥಿತಿ. ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆಯನ್ನು ಮೊದಲ ಎರಡು ವಾರದೊಳಗೆ ಆರಂಭಿಸಿದರೆ ಹೆಚ್ಚು ಫಲ. ಸ್ಟಿರಾಯ್ಡ್ ಇದಕ್ಕೆ ಮದ್ದಲ್ಲ. ನಾಟಿ ಔಷಧಿಗೆಂದು ಅಲೆದು ದಿನ ಕಳೆಯಬೇಡಿ.

ಧೈರ್ಯವಾಗಿರಿ. ನಿಧಾನವಾದರೂ, ಹೆಚ್ಚಿನವರು ಆರು ತಿಂಗಳೊಳಗೆ ಮತ್ತೆ ತಮ್ಮ ಕಾಲ ಮೇಲೆ ನಡೆಯುತ್ತಾರೆ.